ಗಣಿತ ಬಿಟ್ಟು ವರ್ಷಗಳಾದವರು ಯಾವ ಪುಸ್ತಕ ಹಿಡಿಯಬೇಕು?

ಪ್ರಶ್ನೆ: ಚಿಕ್ಕಮಗಳೂರು ಹತ್ತಿರದ ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಓದಿದ್ದು ಕನ್ನಡ ಮಾಧ್ಯಮದಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಫ್ರೆಂಚ್ ಗಣಿತಜ್ಞ ಫರ್ಮಾನ ಪ್ರಮೇಯದ ಬಗ್ಗೆ ಸೈಮನ್ ಸಿಂಗ್ ಬರೆದ ಪುಸ್ತಕ ಓದಿ ಖುಷಿಪಟ್ಟೆ. ಆದರೆ ಹೊಸದಾಗಿ ಒಂದು ಲೆಕ್ಕವೂ ಬರಲಿಲ್ಲ. ಇಂಗ್ಲಿಷ್ ನಿಧಾನವಾಗಿ ಓದಬಲ್ಲೆ. ಮುಂದೇನು ಓದಲಿ?

ಉತ್ತರ: ತಪ್ಪು ನಿಮ್ಮದಲ್ಲ. ಸುಮಾರು 1637ರಲ್ಲಿ ಫರ್ಮಾ ಪುಸ್ತಕದ ಅಂಚಿನಲ್ಲಿ ಬರೆದಿಟ್ಟ ಮಾತು 1995ರಲ್ಲಿ ಆಂಡ್ರ್ಯೂ ವೈಲ್ಸ್ ಕೊಟ್ಟ ಅದರ ಪುರಾವೆ ಅಚ್ಚಾಗುವವರೆಗೆ ಹೇಗೆ ಕಾಡಿತು ಎಂಬ ಕಥೆ ಅದು. ನಿಮಗೆ ಬೇಕಿರುವುದು ಕೈಯಲ್ಲಿ ಪೆನ್ಸಿಲ್ ಹಿಡಿಸುವ ಪುಸ್ತಕ.

ಯಾವ ಮಟ್ಟದಿಂದ ಶುರು ಮಾಡಬೇಕೆಂದು ನಿಮ್ಮ ತೋಟದ ಲೆಕ್ಕದಲ್ಲೇ ಪರೀಕ್ಷಿಸಿಕೊಳ್ಳಿ. 6 ಅಡಿ ಅಂತರದಲ್ಲಿ ಚೌಕಕ್ಕೆ ಗಿಡ ಹಾಕಿದರೆ ಎಕರೆಗೆ 43,560 ÷ 36, ಅಂದರೆ 1,210 ಗಿಡ. ಅದೇ 6 ಅಡಿ ಅಂತರ ಉಳಿಸಿಕೊಂಡು ತ್ರಿಕೋನಕ್ಕೆ ಹಾಕಿದರೆ ಸುಮಾರು 1,397 ಹಿಡಿಯುತ್ತವೆ, ಏಕೆಂದರೆ ಸಾಲಿನಿಂದ ಸಾಲಿಗೆ 5.196 ಅಡಿ ಸಾಕಾಗುತ್ತದೆ. ಈ 5.196 ಬಂದದ್ದು ಪೈಥಾಗೊರಸ್ ಪ್ರಮೇಯದಿಂದ: 36ರಲ್ಲಿ 9 ಕಳೆದು ಉಳಿದ 27ರ ವರ್ಗಮೂಲ. ಆ 9 ಎಲ್ಲಿಂದ ಬಂತೆಂದು ಚಿತ್ರ ಬರೆದು ಹೇಳಲಾಗದಿದ್ದರೆ, ರಾಜ್ಯ ಪಠ್ಯಕ್ರಮದ 8ರಿಂದ 10ನೇ ತರಗತಿಯ ಗಣಿತ ಪುಸ್ತಕಗಳಿಂದಲೇ ಆರಂಭಿಸಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮಕ್ಕಳ ಪುಸ್ತಕವೆಂಬ ಸಂಕೋಚ ಬೇಡ. ಭಿನ್ನರಾಶಿ, ಸಮೀಕರಣ, ತ್ರಿಭುಜ ಈ ಮೂರು ಗಟ್ಟಿಯಾದರೆ ಸದ್ಯಕ್ಕೆ ಸಾಕು.

ಆಮೇಲೆ ಸ್ಟೀವನ್ ಸ್ಟ್ರೋಗ್ಯಾಟ್ಸ್ ಅವರ ‘ದಿ ಜಾಯ್ ಆಫ್ ಎಕ್ಸ್’ (2012). ಎಣಿಕೆಯಿಂದ ಅನಂತದವರೆಗೆ ಚಿಕ್ಕ ಚಿಕ್ಕ ಅಧ್ಯಾಯಗಳು. ದಿನಕ್ಕೊಂದಕ್ಕಿಂತ ಹೆಚ್ಚು ಬೇಡ. ಜಾರ್ಜ್ ಪೋಲ್ಯ ಅವರ ‘ಹೌ ಟು ಸಾಲ್ವ್ ಇಟ್’ (1945) ಜೊತೆಗಿರಲಿ, ಮೊದಲ ಭಾಗ ಮಾತ್ರ ಸಾಲಾಗಿ ಓದಿ. ಪುಸ್ತಕದ ಬಹುಪಾಲು ನಿಘಂಟಿನ ರೂಪದಲ್ಲಿದೆ, ಅದನ್ನು ಮೊದಲಿಂದ ಕೊನೆವರೆಗೆ ಓದಲು ಹೋದವರು ಬೇಸತ್ತು ಬಿಡುತ್ತಾರೆ. ಹಾಗ್ಬೆನ್ ಅವರ ‘ಮ್ಯಾಥಮ್ಯಾಟಿಕ್ಸ್ ಫಾರ್ ದಿ ಮಿಲಿಯನ್’ (1936) ಹೆಸರು ನೋಡಿ ಈಗಲೇ ಕೊಳ್ಳಬೇಡಿ. ಒಳ್ಳೆಯ ಪುಸ್ತಕವೇ, ಆದರೆ ಬಲು ದಪ್ಪ, ಏರು ಕಡಿದು.

ಭಾಸ್ಕರಾಚಾರ್ಯರ ‘ಲೀಲಾವತಿ’ (1150) ಅನುವಾದ ಸಿಕ್ಕರೆ ಬಿಡಬೇಡಿ. ದುಂಬಿ, ಹಂಸ, ನವಿಲು ಬರುವ ಲೆಕ್ಕಗಳನ್ನು ಬಿಡಿಸಲು ಹೈಸ್ಕೂಲು ಗಣಿತವೇ ಸಾಕು. 12ನೇ ಶತಮಾನದ ರಾಜಾದಿತ್ಯನ ‘ವ್ಯವಹಾರ ಗಣಿತ’ ನಮ್ಮದೇ ಭಾಷೆಯದು, ಹಳಗನ್ನಡವಾದ್ದರಿಂದ ಟಿಪ್ಪಣಿಯಿರುವ ಪ್ರತಿಯೇ ಬೇಕು.

ಕಾದಂಬರಿಯ ವೇಗದಲ್ಲಿ ಓದಿದರೆ ಗಣಿತ ಕೈಗೆ ಹತ್ತುವುದಿಲ್ಲ. ಅರ್ಧ ಗಂಟೆಗೆ ಎರಡು ಪುಟವಾದರೂ ಸರಿಯೇ. ಉದಾಹರಣೆಯ ಉತ್ತರವನ್ನು ಕಾಗದದಿಂದ ಮುಚ್ಚಿ ಮೊದಲು ನೀವೇ ಬಿಡಿಸಿ. ಸಿಕ್ಕಿಕೊಂಡ ಸಾಲಿಗೆ ಗುರುತು ಹಾಕಿ, ಅದೇ ಲೆಕ್ಕದಲ್ಲಿ ಅಕ್ಷರದ ಬದಲು 2, 3ರಂಥ ಸಣ್ಣ ಸಂಖ್ಯೆ ಇಟ್ಟು ನೋಡಿ.