ಕೃತ್ತಿಕೆಯ ಮನೆಯ ಚಂದ್ರ

ಸಕಲೇಶಪುರದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಪ್ರೇಮಕತೆಯಲ್ಲಿ ಹುಡುಗಿ ತನ್ನ ಹುಡುಗನನ್ನು ನಾಲ್ಕು ಸಲ 'ನನ್ನ ಚಂದ್ರ' ಎನ್ನುತ್ತಾಳೆ. ಪುರಾಣದ ಚಂದ್ರ 27 ಹೆಂಡಿರಲ್ಲಿ 26 ಮಂದಿಗೆ ಕಣ್ಣೀರು ತರಿಸಿದವನು. ಗುರುವಿನ ಹೆಂಡತಿಯನ್ನೇ ಕರೆದೊಯ್ದವನು. ಒಳ್ಳೆಯ ಹುಡುಗನಿಗೆ ಈ ಹೋಲಿಕೆ ಯಾಕೆ? ಪುರಾಣವೆಂದರೆ ಸುಮ್ನೆ ಒಂದು ಅಲಂಕಾರ ಅಂತ ಆಗಿಬಿಟ್ಟಿದೆ, ಅಲ್ವಾ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂದ ದಿನವೇ ಆ ಕತೆಯನ್ನು ಮತ್ತೆ ಓದಿದೆ. ನಾಲ್ಕರಲ್ಲಿ ಮೂರು ಸಲ ಆ ಮಾತು ಬೇಕಿರಲಿಲ್ಲ. ಅಚ್ಚಿಗೆ ಹೋಗುವ ಮೊದಲು ನಾನು ತೆಗೆಯಬೇಕಿತ್ತು. ಆದರೆ ನಾಲ್ಕನೆಯದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಕಾಫಿ ಹೂ ಬಿಟ್ಟ ರಾತ್ರಿ ಅದು. ಹುಡುಗ ತಡವಾಗಿ ಬರುತ್ತಾನೆ. "ಹದಿನೈದು ದಿನ ನನ್ನವನು, ಹದಿನೈದು ದಿನ ಯಾರವನೋ, ನನ್ನ ಚಂದ್ರ" ಎನ್ನುತ್ತಾಳೆ. ಅದು ಹೊಗಳಿಕೆ ಅಲ್ಲ ಮೇಷ್ಟ್ರೇ. ಅವನ ಗುಣ ಅವಳಿಗೆ ಗೊತ್ತು. ಗೊತ್ತಿದ್ದೂ ಕಾದಿದ್ದಾಳೆ.

ನೀವು ಹೇಳಿದ ಕತೆಯನ್ನೇ ನೋಡಿ. ಆ 27 ಹೆಂಡಿರೆಂದರೆ ದಕ್ಷನ ಹೆಣ್ಣುಮಕ್ಕಳು, ನಮ್ಮ 27 ನಕ್ಷತ್ರಗಳು. ರೋಹಿಣಿಯೊಬ್ಬಳಿಗೇ ಅಂಟಿಕೊಂಡ ಅಳಿಯನಿಗೆ ದಕ್ಷ ಕ್ಷಯದ ಶಾಪ ಕೊಟ್ಟ. ಚಂದ್ರ ಪ್ರಭಾಸಕ್ಕೆ, ಅಂದರೆ ಈಗಿನ ಸೋಮನಾಥಕ್ಕೆ, ಹೋಗಿ ಶಿವನನ್ನು ಬೇಡಿಕೊಂಡ. ಶಾಪ ಪೂರ್ತಿ ಕಳೆಯಲಿಲ್ಲ. ಅರ್ಧ ತಿಂಗಳು ಕರಗು, ಅರ್ಧ ತಿಂಗಳು ತುಂಬಿಕೋ ಎಂದಾಯಿತು. ನನಗೆ ಈ ತೀರ್ಪು ತುಂಬಾ ಇಷ್ಟ. ಉಳಿದವರನ್ನು ಮರೆತದ್ದಕ್ಕೆ ದಂಡ ಬಿತ್ತು, ಆದರೆ ರೋಹಿಣಿಯ ಮೇಲಿನ ಪ್ರೀತಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ನಮಗೆ ಬರುವ ಕತೆಗಳಲ್ಲಿ ಇಂಥ ತೀರ್ಪು ಅಪರೂಪ. ಒಂದೋ ಕೊನೆಯ ಪುಟದಲ್ಲಿ ಮದುವೆ, ಇಲ್ಲವೇ ಹುಡುಗನನ್ನು ಪೂರಾ ಕೆಟ್ಟವನನ್ನಾಗಿ ಮಾಡಿ ಓಡಿಸುತ್ತಾರೆ.

ಗುರು ಬೃಹಸ್ಪತಿಯ ಹೆಂಡತಿ ತಾರೆಯ ವಿಷಯ ಇನ್ನೂ ಕಷ್ಟದ್ದು. ಚಂದ್ರ ಮಾಡಿದ್ದು ಸರಿ ಎಂದು ನಾನು ಹೇಳಲಾರೆ. ಒಂದು ಪುರಾಣ ಅವನು ಅವಳನ್ನು ಹೊತ್ತೊಯ್ದ ಅನ್ನುತ್ತದೆ, ಇನ್ನೊಂದು ಅವಳಿಗೂ ಮನಸ್ಸಿತ್ತು ಅನ್ನುತ್ತದೆ. ದೇವತೆಗಳು ಬೃಹಸ್ಪತಿಯ ಕಡೆ, ಶುಕ್ರ ಚಂದ್ರನ ಕಡೆ ನಿಂತು ದೊಡ್ಡ ಯುದ್ಧವೇ ಆಯಿತು. ಬ್ರಹ್ಮ ನಡುವೆ ಬಂದು ತಾರೆಯನ್ನು ಗಂಡನ ಮನೆಗೆ ಕಳಿಸಿದ. ಆಮೇಲೆ ಮಗು ಹುಟ್ಟಿತು. ಚೆಂದದ ಮಗು. ಇಬ್ಬರೂ ನನ್ನದು ಅಂದರು. ದೇವತೆಗಳೆಲ್ಲ ಸುತ್ತ ನಿಂತು ಕೇಳಿದರು, ಅವಳು ಬಾಯಿ ಬಿಡಲಿಲ್ಲ. ಕೊನೆಗೆ ಬ್ರಹ್ಮ ಕೇಳಿದಾಗ ಒಂದೇ ಮಾತು: ಸೋಮನದು.

ಆ ಮಗುವೇ ಬುಧ. ಬುಧನ ಮಗ ಪುರೂರವ, ಮುಂದೆ ಅದೇ ವಂಶದಲ್ಲಿ ಯಯಾತಿ, ಯದು. ನಮ್ಮ ಹೊಯ್ಸಳರ ಶಾಸನಗಳು ಅರಸರನ್ನು ಯದುವಂಶದವರೆಂದು ಹಾಡಿ ಹೊಗಳುತ್ತವೆ. 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ ವಿಷ್ಣುವರ್ಧನನ ಮನೆತನ ತನ್ನ ಬೇರನ್ನು ಹುಡುಕಿಕೊಂಡು ಹೋದರೆ ಸಿಗುವುದು ತಾರೆಯ ಆ ಒಂದು ಮಾತು. ಅವಳು ಸುಳ್ಳು ಹೇಳಿ ಮಾನ ಉಳಿಸಿಕೊಳ್ಳಬಹುದಿತ್ತು. ಬೇಲೂರಿಗೆ ಹೋದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಪ್ರೇಮಕತೆ ಬರೆಯುವವರಿಗೆ ತಾರೆಯಂಥ ಪಾತ್ರ ಇನ್ನೆಲ್ಲಿ ಸಿಗಬೇಕು?

ಅಲಂಕಾರ ಅಂದಿರಿ. ಮದುವೆಗೆ ಮೊದಲು ಮನೆಯಲ್ಲಿ ಸಾಲಾವಳಿ ನೋಡುತ್ತೇವಲ್ಲ, ಅಲ್ಲಿ ಕೇಳುವ ಜನ್ಮನಕ್ಷತ್ರ ಏನು? ಹುಟ್ಟಿದ ಹೊತ್ತಿಗೆ ಚಂದ್ರ ಯಾರ ಮನೆಯಲ್ಲಿದ್ದ ಎಂಬುದೇ. ಅವನನ್ನು ಮನಸ್ಸಿಗೆ ಕಾರಕ, ಅಂದರೆ ಮನಸ್ಸನ್ನು ಆಳುವವನು, ಎಂದೂ ಹೇಳುತ್ತಾರೆ. ಜ್ಯೋತಿಷ್ಯ ನಂಬುವುದು ಬಿಡುವುದು ಬೇರೆ ಮಾತು. ಗಂಡು ಹೆಣ್ಣಿನ ಮಾತು ಬಂದಾಗಲೆಲ್ಲ ನಮ್ಮ ಜನ ಚಂದ್ರನನ್ನು ಕೇಳಿಯೇ ಮುಂದೆ ಹೋಗಿದ್ದಾರೆ.

ಇನ್ನು ಆ 26 ಮಂದಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದದ್ದು ಇದೇ. ಚಂದ್ರ ನಕ್ಷತ್ರಗಳ ನಡುವೆ ಒಂದು ಸುತ್ತು ಬರಲು 27 ದಿನ ಮತ್ತು ಸುಮಾರು 8 ಗಂಟೆ ಹಿಡಿಯುತ್ತದೆ. ಮನೆಗೊಂದು ದಿನದ ಲೆಕ್ಕ. ಅಂದರೆ ಈಗ ಅವನು ಯಾರ ಮನೆಯನ್ನೂ ತಪ್ಪಿಸುವುದಿಲ್ಲ. ದಿನಗಳು ಎಲ್ಲರಿಗೂ ಸಿಕ್ಕವು. ಮನಸ್ಸು ಸಿಕ್ಕಿತೇ? ರೋಹಿಣಿಗಿಂತ ಮೊದಲಿನ ಮನೆ ಕೃತ್ತಿಕೆಯದು, ನಂತರದ್ದು ಮೃಗಶಿರೆಯದು. ಕೃತ್ತಿಕೆಯ ಜಗಲಿಯಲ್ಲಿ ಕೂತಾಗ ಅವನ ಮನಸ್ಸೆಲ್ಲ ನಾಳೆಯ ಕಡೆ. ಮೃಗಶಿರೆಗೆ ಬಾಗಿಲು ತೆರೆದಾಗ ಕಾಣುವುದು ನಿನ್ನೆಯಲ್ಲೇ ಉಳಿದ ಗಂಡ.

ಮೇಷ್ಟ್ರೇ, ಕೃತ್ತಿಕೆಯ ಆ ಒಂದು ರಾತ್ರಿಯನ್ನು ನೀವೇ ಬರೆಯಿರಿ. ಅವಳೇ ಹೇಳುವ ಹಾಗೆ ಬರೆಯಿರಿ. ಯುಗಾದಿ ಸಂಚಿಕೆಯಲ್ಲಿ ಆರು ಪುಟ ಖಾಲಿ ಇಟ್ಟು ಕಾಯುತ್ತಿರುತ್ತೇನೆ.