ಫೈಲು ಹಿಡಿದು ಹೊರಗೆ ಕೂತವರು

(ಹೆಸರು, ಊರು, ಕೆಲಸದ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.)

ದೀಪಾವಳಿ ಮುಗಿದ ವಾರ ಸುಮಾ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರ ತುಂಬ ರಿಪೋರ್ಟುಗಳು. ಮಡಚಿ ಮಡಚಿ ಅಂಚು ಹರಿದಿದ್ದವು. ಚೀಲವನ್ನು ನನ್ನ ಮೇಜಿನ ಮೇಲಿಟ್ಟು, "ಇದ್ರಾಗೆ ಏನೈತಿ ಅಂತ ನೀವಾದ್ರೂ ಹೇಳ್ರಿ ಮೇಡಂ" ಅಂದರು.

ನಾನು ಡಾಕ್ಟರಲ್ಲ, ಆಪ್ತಸಲಹೆಗಾರ್ತಿ ಅಂದೆ.

"ಗೊತ್ತೈತ್ರಿ. ಡಾಕ್ಟ್ರು ನಮ್ಮ ಭಾವನವರಿಗೆ ಹೇಳ್ತಾರೆ. ಭಾವ ನಮ್ಮನೆಯವ್ರಿಗೆ ಹೇಳ್ತಾರೆ. ನನ್ನ ತಂಕ ಯಾರೂ ಬರಂಗಿಲ್ಲ. ನಾನು ಫೈಲು ಹಿಡ್ಕಂಡು ಹೊರಗೆ ಕೂತಿರ್ತೀನಿ."

ಅವರಿಗೆ 41 ವರ್ಷ, ಮನೆಯಲ್ಲೇ ಟೈಲರಿಂಗ್. ಗಂಡನಿಗೆ 47, ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಮಗಳು ಪಿಯುಸಿ, ಮಗ ಎಂಟನೇ ಕ್ಲಾಸು. ಆಷಾಢದಲ್ಲಿ ಮೇಷ್ಟ್ರಿಗೆ ಜ್ವರ ಬಂದು ಪ್ಲೇಟ್‌ಲೆಟ್ 72 ಸಾವಿರಕ್ಕೆ ಇಳಿದಿತ್ತು. ಡೆಂಗ್ಯೂ ಪರೀಕ್ಷೆ ನೆಗೆಟಿವ್ ಬಂದರೂ ಡೆಂಗ್ಯೂನೇ ಇರಬೇಕೆಂದು ಪಪ್ಪಾಯಿ ಎಲೆಯ ರಸ ಕುಡಿಸಿದರು. ಜ್ವರ ಬಿಟ್ಟಿತು, ಪ್ಲೇಟ್‌ಲೆಟ್ ಮಾತ್ರ ಏರಲಿಲ್ಲ. ತಿಂಗಳ ನಂತರ ಇನ್ನೊಬ್ಬ ಡಾಕ್ಟರು ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಲಿವರ್ ಗಂಟು ಗಂಟಾಗಿರುವುದೂ ಗುಲ್ಮ ದೊಡ್ಡದಾಗಿರುವುದೂ ಕಂಡಿತು. ಲಿವರ್ ಗಟ್ಟಿಯಾದರೆ ಅದಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಏರುತ್ತದೆ, ಗುಲ್ಮ ಊದುತ್ತದೆ, ಪ್ಲೇಟ್‌ಲೆಟ್‌ಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಎಲೆಯ ರಸದಿಂದ ಸರಿಹೋಗುವ ಲೆಕ್ಕವಲ್ಲ ಅದು. ರಕ್ತದಲ್ಲಿ ಲಿವರಿಗೆ ತಗುಲುವ ವೈರಸ್, ಹೆಪಟೈಟಿಸ್ ಬಿ, ಪಾಸಿಟಿವ್. ಡಾಕ್ಟರು 'ಸಿರೋಸಿಸ್', ಅಂದರೆ ಲಿವರ್ ಗಟ್ಟಿಯಾಗುವ ಕಾಯಿಲೆ, ಎಂದು ಬರೆದು, ತಡಮಾಡದೆ ಲಿವರ್ ತಜ್ಞರಿಗೆ ತೋರಿಸಿ ಎಂದು ಚೀಟಿ ಕೊಟ್ಟಿದ್ದರು.

ಚೀಟಿ ಕೊಟ್ಟದ್ದು ಶ್ರಾವಣದಲ್ಲಿ. ಸುಮಾ ನನ್ನೆದುರು ಕೂತಾಗ ಮೂರು ತಿಂಗಳಾಗಿತ್ತು, ಅದಿನ್ನೂ ಚೀಲದಲ್ಲೇ ಇತ್ತು.

ಆ ಮೂರು ತಿಂಗಳಲ್ಲಿ ಭಾವನವರು, ಅಂದರೆ ಮೇಷ್ಟ್ರ ಅಣ್ಣ, ನಾಟಿ ಔಷಧಿ ಕೊಡಿಸಿದ್ದರು, ಖಾಲಿ ಹೊಟ್ಟೆಗೆ ಮಜ್ಜಿಗೆಯಲ್ಲಿ ಕಲಸಿದ ಸೊಪ್ಪಿನ ರಸ. ಕಣ್ಣು ಹಳದಿಯಾಗಿರಲೇ ಇಲ್ಲ, ಆದರೂ ಕಾಮಾಲೆಯ ಮದ್ದು, ಕಾಮಾಲೆಯ ಪಥ್ಯ. ಎಣ್ಣೆ ಇಲ್ಲ, ಬೇಳೆ ಇಲ್ಲ, ಮೊಟ್ಟೆ ಇಲ್ಲ, ಅರಿಶಿನ ಸೋಕಬಾರದು. ಮೂರು ಹೊತ್ತೂ ಗಂಜಿ. ಮೇಷ್ಟ್ರು ಆರು ಕೆಜಿ ಇಳಿದಿದ್ದರು. ಊರವರದ್ದು ಬೇರೆಯೇ ತೀರ್ಪು: ಲಿವರ್ ಹೋಗಿದೆ ಅಂದಮೇಲೆ ಕದ್ದು ಕುಡಿದಿರಲೇಬೇಕು.

ಇಷ್ಟನ್ನೂ ಹೇಳುವಾಗ ಸುಮಾ ಅಳಲಿಲ್ಲ. ಅತ್ತಿದ್ದು ಲೋಟದ ವಿಷಯ ಬಂದಾಗ. ಗಂಡನ ಸ್ಟೀಲ್ ಲೋಟ ಗುರುತು ಸಿಗಲೆಂದು ಅದರ ತಳಕ್ಕೆ ಮಗಳ ನೇಲ್ ಪಾಲಿಶ್‌ನಿಂದ ಕೆಂಪು ಚುಕ್ಕೆ ಇಟ್ಟಿದ್ದರಂತೆ. ತಟ್ಟೆಗೂ ಒಂದು. ಹಾಸಿಗೆ ಬೇರೆಯಾಗಿ ಎರಡು ತಿಂಗಳು. ಓಣಿಯಲ್ಲಿ ಒಬ್ಬರು, "ಅದೂ ಏಡ್ಸ್ ಬಂದಂಗೇ ಬರೋದು" ಅಂದಿದ್ದರು.

ಕೇಳಬೇಕೆಂದು ಬಂದಿದ್ದ ಪ್ರಶ್ನೆ ಬಾಯಿಗೆ ಬಂದದ್ದು ನಲವತ್ತು ನಿಮಿಷ ಕಳೆದ ಮೇಲೆ. "ಅವ್ರಿಗೆ ಇದು ಎಲ್ಲಿಂದ ಬಂತು ಮೇಡಂ?"

ಇಲ್ಲಿ ನಾನು ಎಡವಿದೆ. ಪ್ರಶ್ನೆಯ ಹಿಂದೆ ಏನಿದೆ ಎಂದು ಕೇಳುವ ಬದಲು, ಹುಟ್ಟುವಾಗ ತಾಯಿಯಿಂದಲೂ ಬರುತ್ತದೆ, ಚಿಕ್ಕಂದಿನಲ್ಲೂ ತಗುಲಿರಬಹುದು ಎಂದು ಶುರುಮಾಡಿಬಿಟ್ಟೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಸುಮಾ ಚೀಲ ಎತ್ತಿಕೊಂಡು, "ನೀವೂ ಅವ್ರ ಕಡೀಗೇ ಮಾತಾಡ್ತೀರಿ" ಅಂದರು. ಅವರನ್ನು ಮತ್ತೆ ಕೂರಿಸಲು ಸಾಕುಸಾಕಾಯಿತು. ಇಪ್ಪತ್ತು ವರ್ಷದ ಸಂಸಾರವನ್ನು ರಾತ್ರಿಯಿಡೀ ತಿರುವಿಹಾಕುತ್ತಿದ್ದವರು ಅವರು. ಯಾವ ತರಬೇತಿಗೆ ಯಾವ ಊರಿಗೆ ಹೋಗಿದ್ದರು, ಯಾವ ವರ್ಷ ಬಾಡಿಗೆ ರೂಮಿನಲ್ಲಿದ್ದರು ಎಂದು ಲೆಕ್ಕ ಹಾಕಿ ಹಾಕಿ ಸುಸ್ತಾಗಿದ್ದರು. ಅದನ್ನೆಲ್ಲ ಆಡಿ ಮುಗಿಸುವ ತನಕ ನಾನು ಬಾಯಿ ತೆರೆಯಬಾರದಿತ್ತು.

ಆಡಿ ಮುಗಿಸಿದ ಮೇಲೆ ಒಂದೇ ಕೇಳಿದೆ. "ನಿಮ್ಮ ರಕ್ತ ಪರೀಕ್ಷೆ ಆಯ್ತಾ?"

ಇಲ್ಲ. ಮಕ್ಕಳದ್ದೂ ಇಲ್ಲ. ಮಾಡಿಸಿ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೋ ಏನೋ, ಅದು ಭಾವನವರ ಕಿವಿಯಲ್ಲೇ ಉಳಿದಿತ್ತು. ಲೋಟಕ್ಕೆ ಚುಕ್ಕೆ ಇಡುವಷ್ಟು ಭಯ, ತನ್ನ ತೋಳು ಚಾಚಿ ರಕ್ತ ಕೊಡಬೇಕೆಂಬ ಯೋಚನೆಯೇ ಇಲ್ಲ. ಇಂಥ ಮನೆಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಹೆಂಡತಿ ನೋಡಿಕೊಳ್ಳುವವಳು, ಅವಳಿಗೇ ಒಂದು ದೇಹವಿದೆ ಎನ್ನುವುದು ಅವಳಿಗೂ ಮರೆತಿರುತ್ತದೆ.

ಆ ದಿನ ಕೊಟ್ಟ ಸಲಹೆ ಇಷ್ಟು. ಇದೇ ವಾರ ನಿಮ್ಮದು, ಮಕ್ಕಳದು ಪರೀಕ್ಷೆ ಆಗಲಿ. ಊಟ, ತಟ್ಟೆ, ಲೋಟ, ಮುಟ್ಟುವುದು, ಪಕ್ಕದಲ್ಲಿ ಮಲಗುವುದು ಇದರಿಂದ ಈ ವೈರಸ್ ಹರಡುವುದಿಲ್ಲ. ಹರಡುವುದು ರಕ್ತದಿಂದ, ದೇಹಸಂಬಂಧದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ. ಬೇರೆ ಇಡಬೇಕಾದ್ದು ರೇಜರ್, ಟೂತ್‌ಬ್ರಷ್, ನೇಲ್ ಕಟರ್. ನಿಮ್ಮ ರಿಪೋರ್ಟ್ ಬಂದು ಲಸಿಕೆ ಮುಗಿಯುವ ತನಕ ಕಾಂಡೋಮ್ ಇರಲಿ. 'ಎಲ್ಲಿಂದ ಬಂತು' ಅನ್ನುವುದನ್ನು ಅಡುಗೆಮನೆಯಲ್ಲಿ ಕೇಳಬೇಡಿ, ತಜ್ಞರ ಎದುರಿಗೇ ಕೇಳಿ. ರಾತ್ರಿ ನಿದ್ದೆ ಬರದೆ ಎದೆ ಹಿಂಡಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ದಿನದ 24 ಗಂಟೆಯೂ ಎತ್ತುತ್ತಾರೆ.

ಮುಂದಿನ ವಾರ ಮೇಷ್ಟ್ರನ್ನೂ ಕರೆತಂದರು. ಹದಿನೈದು ನಿಮಿಷ ಅವರು ಫ್ಯಾನ್ ನೋಡುತ್ತ ಕೂತಿದ್ದರು. ದುಡ್ಡಿನ ತೊಂದರೆಯಾ, ಅಣ್ಣನ ಮಾತು ಮೀರಲಾಗದೆಯಾ ಎಂದು ಕೇಳಿದ್ದಕ್ಕೆ ಎರಡೂ ಅಲ್ಲವೆಂದರು. ಆಮೇಲೆ, "ತಜ್ಞರು ಎಷ್ಟು ವರ್ಷ ಅಂತ ಹೇಳಿಬಿಟ್ರೆ?" ಅಂದರು.

ಮೊಬೈಲಿನಲ್ಲಿ ಹುಡುಕಿ ಹುಡುಕಿ ತಮಗಿನ್ನು ಎರಡೇ ವರ್ಷ ಎಂದು ತೀರ್ಮಾನಿಸಿಬಿಟ್ಟಿದ್ದರು. ಎಲ್‌ಐಸಿ, ಪಿಎಫ್, ಮಗಳ ಫೀಸು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಸುಮಾಗೆ ಅದು ಗೊತ್ತೇ ಇರಲಿಲ್ಲ. ಹೆಂಡತಿ ಹಾಸಿಗೆ ಬೇರೆ ಮಾಡಿದ್ದನ್ನು, ಈಗಲೇ ದೂರವಾಗಲು ಅಭ್ಯಾಸ ಮಾಡಿಕೊಳ್ಳುತ್ತಿದ್ದಾಳೆ ಎಂದು ಅವರು ಅರ್ಥಮಾಡಿಕೊಂಡಿದ್ದರು. ಮೇಷ್ಟ್ರಿಗೆ ವರ್ಷದ ಭಯ, ಸುಮಾಗೆ ಮೂಲದ ಭಯ, ಅಣ್ಣನಿಗೆ ಲಿವರ್ ಕಸಿ ಅಂದರೆ ಹೊಲ ಹೋಯಿತು ಅನ್ನುವ ಭಯ. ಮೂರು ಭಯಗಳೂ ಸೇರಿ ಒಂದು ಚೀಟಿಯನ್ನು ಮೂರು ತಿಂಗಳು ಚೀಲದಲ್ಲೇ ಕೂರಿಸಿದ್ದವು.

ತಜ್ಞರು ಮೊದಲು ನೋಡುವುದು ಲಿವರ್ ಇನ್ನೂ ತನ್ನ ಕೆಲಸ ನಿಭಾಯಿಸುತ್ತಿದೆಯೋ, ಕೈಚೆಲ್ಲಿದೆಯೋ ಎನ್ನುವುದನ್ನು. ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಕಾಮಾಲೆ, ಬುದ್ಧಿ ಮಂಕಾಗುವುದು ಇವು ಕೈಚೆಲ್ಲಿದ ಗುರುತು. ಮೇಷ್ಟ್ರಿಗೆ ಯಾವುದೂ ಇರಲಿಲ್ಲ. ಗಣಿತದವರಿಗೆ ಗಣಿತದಲ್ಲೇ ಹೇಳೋಣವೆಂದು 'ಮೆಲ್ಡ್' ಅಂಕದ ವಿಷಯ ಎತ್ತಿದೆ. ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್‌ನಂಥ ರಕ್ತಪರೀಕ್ಷೆಯ ಸಂಖ್ಯೆಗಳನ್ನು ಸೂತ್ರಕ್ಕೆ ಹಾಕಿ ತೆಗೆಯುವ ಅಂಕ ಅದು, 6ರಿಂದ 40ರವರೆಗೆ, ಹೆಚ್ಚಾದಷ್ಟೂ ಅಪಾಯ. ಮೇಷ್ಟ್ರು ಆವತ್ತು ಮೊದಲ ಸಲ ನೆಟ್ಟಗೆ ಕೂತರು. "ಲಾಗರಿದಮ್ ಬರುತ್ತಾ ಅದರಲ್ಲಿ?" ಬರುತ್ತದೆ ಅಂದೆ. ಗೊತ್ತಿದ್ದದ್ದು ನನ್ನ ಪುಣ್ಯ.

ಉಳಿದ ಸಮಯವೆಲ್ಲ ತಯಾರಿಗೆ. ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ, ಮುಖ್ಯ ಸಂಖ್ಯೆಗಳನ್ನು ಒಂದೇ ಹಾಳೆಗೆ ಇಳಿಸುವುದು ಮೇಷ್ಟ್ರ ಪಾಲಿಗೆ. ಹಾಳೆಯ ಹಿಂಬದಿಗೆ ತಿಂದ ಮದ್ದುಗಳ ಪಟ್ಟಿ. ಸೊಪ್ಪಿನ ರಸ ಬರೆಯಲು ಅವರಿಗೆ ಮುಜುಗರ. ಬರೆಯಲೇಬೇಕು ಅಂದೆ, ಏಕೆಂದರೆ ಕೆಲವು ನಾಟಿ ಮದ್ದುಗಳೇ ಲಿವರಿಗೆ ಪೆಟ್ಟು ಕೊಡುತ್ತವೆ, ಡಾಕ್ಟರಿಗೆ ಗೊತ್ತಾಗದಿದ್ದರೆ ಲೆಕ್ಕ ತಪ್ಪುತ್ತದೆ. ಆಮೇಲೆ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಮೂರು ಮೂರು ಪ್ರಶ್ನೆ ಬರೆದರು, ಒಬ್ಬರದನ್ನು ಇನ್ನೊಬ್ಬರು ನೋಡಲಿಲ್ಲ. ತಜ್ಞರನ್ನು ಹುಡುಕುವಾಗ ಬೋರ್ಡಿನ ಮೇಲಿನ 'ಲಿವರ್ ಸ್ಪೆಷಲಿಸ್ಟ್' ನಂಬಬೇಡಿ, ಗ್ಯಾಸ್ಟ್ರೋಎಂಟರಾಲಜಿ ಅಥವಾ ಹೆಪಟಾಲಜಿಯಲ್ಲಿ (ಜೀರ್ಣಾಂಗ ಅಥವಾ ಲಿವರ್ ವಿಭಾಗ) ಡಿಎಂ ಎಂಬ ಉನ್ನತ ಪದವಿ ಇದೆಯೇ ನೋಡಿ ಎಂದೆ. ಊರಿನ ಡಾಕ್ಟರನ್ನು ಬಿಡಬೇಡಿ, ಮಧ್ಯರಾತ್ರಿ ಸಿಗುವವರು ಅವರೇ.

ಇನ್ನು ಒಳಗೆ ಯಾರು ಹೋಗಬೇಕು ಎನ್ನುವುದು. ಅಣ್ಣನಿಗೆ ಅದನ್ನು ಮೇಷ್ಟ್ರೇ ಹೇಳಬೇಕಿತ್ತು. ಸುಮಾ ಹೇಳಿದರೆ ಜಗಳ, ನಾನು ಹೇಳಿದರೆ ಅಧಿಕಪ್ರಸಂಗ. "ಅಣ್ಣ, ನೀನೂ ಬಾ. ಆದ್ರೆ ಒಳಗೆ ನನ್ನ ಜೊತೆ ಸುಮಾ ಇರ್ತಾಳೆ." ನನ್ನ ಕೋಣೆಯಲ್ಲೇ ಮೂರು ಸಲ ಹೇಳಿ ನೋಡಿದರು. ಮೂರನೇ ಸಲ 'ಆದ್ರೆ' ಬಿಟ್ಟುಹೋಯಿತು, ಹಾಗೇ ಚೆನ್ನಾಗಿತ್ತು.

ಬೆಂಗಳೂರಿನಲ್ಲಿ ಮೂರು ಗಂಟೆ ಕಾದು ಹನ್ನೊಂದು ನಿಮಿಷ ಸಿಕ್ಕಿತಂತೆ, ಮೇಷ್ಟ್ರು ಗಡಿಯಾರ ನೋಡಿದ್ದರು. ಒಂದೇ ಹಾಳೆಯಲ್ಲಿ ಎಲ್ಲ ಇದ್ದದ್ದರಿಂದ ತಜ್ಞರು ಕಾಗದ ಹುಡುಕುವುದರಲ್ಲಿ ಹೊತ್ತು ಕಳೆಯಲಿಲ್ಲ. ಲಿವರ್ ಸದ್ಯಕ್ಕೆ ನಿಭಾಯಿಸುತ್ತಿದೆ, ಕಸಿಯ ಮಾತು ಈಗ ಬೇಡ ಅಂದರು. ವೈರಸ್ಸಿಗೆ ದಿನಕ್ಕೊಂದು ಟೆನೊಫೊವಿರ್ ಮಾತ್ರೆ, ತಾವಾಗಿ ಎಂದೂ ನಿಲ್ಲಿಸಬಾರದು. ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿದ್ದು ಕಂಡದ್ದಕ್ಕೆ ಇನ್ನೊಂದು ಮಾತ್ರೆ. ಕ್ಯಾನ್ಸರ್ ಬೇಗ ಪತ್ತೆಯಾಗಲೆಂದು ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಮೈಕೈ ನೋವಿಗೆಂದು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುವಂತಿಲ್ಲ, ಮದ್ಯ ಒಂದು ತೊಟ್ಟೂ ಬೇಡ. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರಲ್ಲಿ ಶುರುವಾಗಿದೆ. ಅದರ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ವೈರಸ್ಸಿನ ಮಾತ್ರೆ ಉಚಿತ. ಹೊಲ ಮಾರುವ ಲೆಕ್ಕ ಅಲ್ಲಿಗೇ ನಿಂತಿತು.

ಸುಮಾ ಅವರ ಮೊದಲ ಪ್ರಶ್ನೆ ಊಟದ್ದು. ಗಂಜಿ ನಿಲ್ಲಿಸಿ ಅಂದರಂತೆ ಅಲ್ಲಿನ ಡಯಟೀಶಿಯನ್. ಸಿರೋಸಿಸ್‌ನಲ್ಲಿ ಮಾಂಸಖಂಡ ಕರಗುತ್ತದೆ, ತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಬೇಳೆ, ಮೊಸರು, ಮೊಟ್ಟೆ ಎಲ್ಲ ವಾಪಸು. ರಾತ್ರಿಯಿಡೀ ಖಾಲಿ ಹೊಟ್ಟೆ ಬೇಡ, ಮಲಗುವ ಮುಂಚೆ ಒಂದು ಲೋಟ ರಾಗಿ ಮಾಲ್ಟ್. ಉಪ್ಪಿನಕಾಯಿ ಹಪ್ಪಳಕ್ಕೆ ಕತ್ತರಿ. ಎರಡನೆಯದು, ಯಾವಾಗ ಓಡಿಬರಬೇಕು? ಡಾಂಬರಿನಂಥ ಕಪ್ಪು ಮಲ, ರಕ್ತವಾಂತಿ, ಹೊಟ್ಟೆ ಉಬ್ಬರ, ಜ್ವರ, ಹಗಲೆಲ್ಲ ನಿದ್ದೆ ರಾತ್ರಿಯೆಲ್ಲ ಎಚ್ಚರ. ಮೇಷ್ಟ್ರೆಂದು ಗೊತ್ತಾದ ಮೇಲೆ ತಜ್ಞರು ಸುಮಾಗೆ ಒಂದು ಮಾತು ಸೇರಿಸಿದರಂತೆ: "ಅವರ ಅಕ್ಷರ ಗಮನಿಸ್ತಾ ಇರಿ, ತಾಯಿ. ಕೈಬರಹ ಕೆಟ್ಟರೆ ಬುದ್ಧಿ ಮಂಕಾಗ್ತಿರಬಹುದು, ನನಗೆ ಫೋನ್ ಮಾಡಿ."

ಮೂರನೆಯದನ್ನು, ಎಲ್ಲಿಂದ ಬಂತು ಅನ್ನುವುದನ್ನು, ಸುಮಾ ಚೀಟಿ ನೋಡದೆ ಕೇಳಿದರು. ತಜ್ಞರು ತಿರುಗಿ, ಮೇಷ್ಟ್ರ ತಾಯಿಯ, ಒಡಹುಟ್ಟಿದವರ ಪರೀಕ್ಷೆ ಆಗಿದೆಯೇ ಎಂದರು. ಹುಟ್ಟುವಾಗ ಈ ವೈರಸ್ ತಗುಲಿದ ಕೂಸುಗಳಲ್ಲಿ 100ಕ್ಕೆ ಸುಮಾರು 90ರಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದವರಲ್ಲಿ 100ಕ್ಕೆ 5ಕ್ಕಿಂತ ಕಡಿಮೆ. ಇದು ಸಾಕ್ಷಿಯಲ್ಲ, ಸಂಭವನೀಯತೆ ಅಂದರಂತೆ. ಸಂಭವನೀಯತೆಯ ಪಾಠವನ್ನು ಬಸ್ಸಿನಲ್ಲಿ ಮೇಷ್ಟ್ರು ಹೆಂಡತಿಗೆ ಮತ್ತೊಮ್ಮೆ ಮಾಡಿದರು, ಟಿಕೆಟ್ಟಿನ ಹಿಂದೆ ಬರೆದು.

ಸುಮಾ, ಮಕ್ಕಳು ಮೂವರದ್ದೂ ನೆಗೆಟಿವ್. ಮಕ್ಕಳಿಗೆ ಚಿಕ್ಕಂದಿನಲ್ಲೇ ಲಸಿಕೆ ಆಗಿತ್ತು. ಸುಮಾಗೆ ಆಗಿರಲಿಲ್ಲ, ಮೂರು ಡೋಸ್, ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.

ಅತ್ತೆ ಪರೀಕ್ಷೆಗೆ ಒಪ್ಪಲಿಲ್ಲ. "ಈ ವಯಸ್ಸಿಗೆ ನನ್ನ ಮೇಲೆ ಹಾಕ್ತೀರಾ?" ಅಂದರಂತೆ. ಒತ್ತಾಯ ಬೇಡ ಅಂದೆ. ಎಪ್ಪತ್ತು ದಾಟಿದ ಹೆಂಗಸಿಗೆ ಮಗನ ಕಾಯಿಲೆಗೆ ನೀನೇ ಮೂಲ ಎಂದು ಕೇಳಿಸುವ ಪರೀಕ್ಷೆ ಅದು. ಯಾರದೂ ತಪ್ಪಲ್ಲ ಎನ್ನುವುದನ್ನು ಮೊದಲು ಮಗನೇ ಹೇಳಬೇಕು, ನಾಲ್ಕಾರು ಸಲ.

ಭಾವನವರು ಯಾರಿಗೂ ಹೇಳದೆ ಬೇರೆ ಊರಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಕೊಂಡರು. ಪಾಸಿಟಿವ್.

ಸುಮಾಗೆ ಸಮಾಧಾನವಾಗಿರಬಹುದೆಂದು ಎಣಿಸಿದ್ದೆ. ಅವರು ಬಂದದ್ದು ಸಿಟ್ಟಿನಲ್ಲಿ. ಮೂರು ತಿಂಗಳು ತನ್ನನ್ನು ಬಾಗಿಲ ಹೊರಗೆ ಕೂರಿಸಿದ್ದಕ್ಕೆ, ಗಂಡನನ್ನು ತಾನು ನೋಡಿದ ರೀತಿಗೆ. ಆ ಸಿಟ್ಟಿಗೇ ಎರಡು ಸಿಟ್ಟಿಂಗ್ ಹಿಡಿಯಿತು. ಗಂಡನ ಕ್ಷಮೆ ಕೇಳಲಾ ಅಂದರು. ಬೇಕೆನಿಸಿದರೆ ಕೇಳಿ, ಆದರೆ ಅನುಮಾನ ಪಟ್ಟದ್ದಕ್ಕೆ ನಿಮ್ಮನ್ನು ಬೈದುಕೊಳ್ಳಬೇಡಿ, ಅರ್ಧ ಮಾತು ಕಿವಿಗೆ ಬಿದ್ದವರು ಉಳಿದರ್ಧವನ್ನು ತಾವೇ ತುಂಬಿಕೊಳ್ಳುತ್ತಾರೆ ಅಂದೆ. ಕೇಳಿದರೋ ಬಿಟ್ಟರೋ ನಾನು ವಿಚಾರಿಸಲಿಲ್ಲ. ನೇಲ್ ಪಾಲಿಶ್ ತೆಗೆಯುವುದಕ್ಕೆ ಸೀಮೆಎಣ್ಣೆ ಸಾಕೇ ಎಂದು ಮಾತ್ರ ಕೇಳಿದರು. ಅಂಗಡಿಯಲ್ಲಿ ರಿಮೂವರ್ ಸಿಗುತ್ತದೆ ಅಂದೆ.

ಮುಂದಿನ ಸ್ಕ್ಯಾನಿಗೆ ತಾರೀಖು ಗೊತ್ತಾಗಿದೆ. ಬೆಳಗಿನ ಜಾವದ ಬಸ್ಸು, ಈ ಸಲ ಮೂರು ಟಿಕೆಟ್. ಭಾವನವರದೂ ಒಂದು ಫೈಲಾಗಿದೆ. ಅವರ ಜೊತೆ ಒಳಗೆ ಯಾರು ಹೋಗುವುದು ಎಂದು ಕೇಳಿದ್ದಕ್ಕೆ ಸುಮಾ ವಾರಗಿತ್ತಿಯ ಮಾತೆತ್ತಿ, "ನಮ್ಮಕ್ಕನ್ನೂ ಕರ್ಕಂಡು ಬರ್ರಿ ಅಂದೀನ್ರಿ. ನಾಕು ಟಿಕೆಟ್ ಆದ್ರೂ ಆಗ್ಲಿ" ಅಂದರು.