ಬಳ್ಳಾರಿಯಂಥ ಊರಿನಲ್ಲಿ ಸಣ್ಣ ಜಾಹೀರಾತು ಏಜೆನ್ಸಿ ಉಳಿಯುವುದು ಹೇಗೆ?

ಅಂಗಡಿಯವರೇ ಮೊಬೈಲಿನಲ್ಲಿ ರೀಲ್ಸ್ ಮಾಡಿ ಹಾಕುತ್ತಿರುವಾಗ, ಪತ್ರಿಕೆ ಮತ್ತು ಕೇಬಲ್ ಜಾಹೀರಾತನ್ನೇ ನಂಬಿಕೊಂಡಿದ್ದ ತಮ್ಮ ಏಜೆನ್ಸಿಗೆ ಮುಂದೇನು ಎಂದು ಕೇಳಿದ್ದೀರಿ. ಜಾಹೀರಾತಿನ ಜಾಗ ಮಾರಿ ಕಮಿಷನ್ ಪಡೆಯುವ ಕೆಲಸ ಕುಗ್ಗುತ್ತಿರುವುದು ನಿಜ. ಆದರೆ ಯಾರಿಗೆ, ಯಾವಾಗ, ಏನನ್ನು ಹೇಳಬೇಕೆಂಬ ತಿಳಿವಳಿಕೆಗೆ ಈಗಲೂ ಬೇಡಿಕೆಯಿದೆ.

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದನ್ನೇ ನೋಡಿ. ಅದರ ಮುಖ್ಯ ಗಿರಾಕಿ ಪರಊರಿನ ಸಗಟು ವ್ಯಾಪಾರಿಯಾಗಿದ್ದರೆ, ಹಾಡು ಹಾಕಿದ ರೀಲ್ಸ್‌ಗಿಂತ ಬಟ್ಟೆಯ ದಪ್ಪ, ಸೈಜ್‌ಗಳು, ಕನಿಷ್ಠ ಆರ್ಡರ್, ಒಳಹೊಲಿಗೆಯ ಹತ್ತಿರದ ಚಿತ್ರ ಇವೆಲ್ಲ ಇರುವ ವಾಟ್ಸ್‌ಆ್ಯಪ್ ಕ್ಯಾಟಲಾಗ್ ಅವನಿಗೆ ಹೆಚ್ಚು ಉಪಯುಕ್ತ, ಮತ್ತು ಅದನ್ನು ಹಿಂದಿಯಲ್ಲೂ ತೆಲುಗಿನಲ್ಲೂ ಸಿದ್ಧಪಡಿಸುವುದು ನಿಮ್ಮಂಥವರಿಂದಲೇ ಆಗಬೇಕಾದ ಕೆಲಸ. ಬೀಜ, ಗೊಬ್ಬರದ ಅಂಗಡಿಗಾದರೆ ತುಂಗಭದ್ರಾ ಕಾಲುವೆಗೆ ನೀರು ಬಿಡುವ ಮೊದಲಿನ ವಾರಗಳೇ ಪ್ರಚಾರದ ಕಾಲ.

ಗೂಗಲ್ ಮತ್ತು ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್) ಜಾಹೀರಾತು ಖಾತೆಗಳ ನಿರ್ವಹಣೆಯನ್ನು ತಪ್ಪದೆ ಕಲಿಯಿರಿ. ಖಾತೆ ಗಿರಾಕಿಯ ಹೆಸರಿನಲ್ಲೇ ಇರಲಿ. ತಿಂಗಳ ಕೊನೆಗೆ ಲೈಕ್‌ಗಳ ಬದಲು, ಬಂದ ಕರೆಗಳ ಮತ್ತು ಆರ್ಡರ್‌ಗಳ ಲೆಕ್ಕ ಕೊಡಿ. ಸ್ಥಳೀಯ ಇನ್‌ಫ್ಲುಯೆನ್ಸರ್‌ಗಳಿಂದ ಹಣ ಕೊಟ್ಟು ಪೋಸ್ಟ್ ಮಾಡಿಸುವಾಗ ಅದು ಜಾಹೀರಾತು ಎಂದು ಸ್ಪಷ್ಟವಾಗಿ ನಮೂದಿಸಬೇಕು. ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಈ ಮಾರ್ಗಸೂಚಿಯನ್ನು ತಂದಿದೆ.